ಬೆಸುಗೆಯಿಲ್ಲದ ಪೈಪು

ಮಾರ್ಚ್ ೧೨, ಬುಧವಾರ

ಹೊಸ ಕಾರ್ಖಾನೆಯಲ್ಲಿ ಇವತ್ತು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೆಂಪಗೆ ಕಾದ ಗಟ್ಟಿ ಉಕ್ಕಿನ ಸರಳು ಎರಡು ರೋಲರುಗಳ ನಡುವೆ ಗಿರಗಿರ ತಿರುಗುತ್ತ, ಎದುರಿಗಿದ್ದ ಸಲಾಕೆಯ ಚೂಪು ಮೊನೆಯನ್ನು ನುಂಗಿ ನುಂಗಿ, ನಡುವೆ ತೂತು ಬಿದ್ದು ಪೈಪಾಗಿಬಿಟ್ಟಿತು!

ನಲವತ್ತು ವರ್ಷ ಉಕ್ಕಿನ ತಗಡು ಬಾಗಿಸಿ, ಬೆಸುಗೆ ಹಾಕಿ ಪೈಪು ಮಾಡಿದ ಮಾವನಿಗೆ ಇದನ್ನು ಹೇಗೆ ಹೇಳುವುದು? ಮನೆಗೆ ಬಂದು ಆ ಪೈಪಿನ ಒಂದು ತುಂಡು ಅವರ ಕೈಗಿಟ್ಟೆ. ಹಳೇ ಅಭ್ಯಾಸ, ಪೈಪು ಸೋರುವುದೇ ಬೆಸುಗೆಯಲ್ಲಿ ಎಂದು ಅದನ್ನು ಹುಡುಕುತ್ತ ಒಳಗೆ ಬೆರಳಾಡಿಸಿದರು.

"ಬೆಸುಗೆ ಎಲ್ಲಿ ಹೋಯ್ತಮ್ಮಾ? ನನ್ನ ಬೆರಳಿಗೆ ವಯಸ್ಸಾಯ್ತು ಅನ್ಸುತ್ತೆ."

"ಇಲ್ಲ ಮಾವ, ಇದಕ್ಕೆ ಬೆಸುಗೆನೇ ಇಲ್ಲ."

ಎಲ್ಲ ವಿವರಿಸಿದೆ. ನೊಂದುಕೊಂಡಾರು ಎಂದು ಹೆದರಿದ್ದೆ. ಅವರು ಪೈಪನ್ನು ದೀಪಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.

"ಹಾಗಾದ್ರೆ ಇದು ಎಲ್ಲಿಂದ ಸೋರುತ್ತೆ?"

ಈಗ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾರೆ. ಬೆರಳು ಮಾತ್ರ ಇನ್ನೂ ಪೈಪಿನೊಳಗೇ ಇದೆ.