ಮೀನಿಗೆ ಜಾಗವಿಲ್ಲದ ಮಹಡಿಯಲ್ಲಿ ಮೀನುಮರಿಗಳ ಕಚೇರಿ

ಸಮುದ್ರ ಮೀನು ಸಂತತಿ ಸಮೀಕ್ಷೆಯ ಮುಖ್ಯಾಧಿಕಾರಿಗಳಾಗಿರುವ ಮಾನ್ಯರೇ,

ನೀವು ಸರ್ಕಾರಕ್ಕೆ ಸುಳ್ಳು ವರದಿ ಕಳಿಸಿದ್ದೀರಿ. ಇದನ್ನು ಸುತ್ತಿ ಬಳಸಿ ಹೇಳುವ ವ್ಯವಧಾನ ನನಗಿಲ್ಲ. ಕಾರವಾರದ ಕಡಲಿನಲ್ಲಿ ಎರಡು ಮಳೆಗಾಲ ಬಲೆ ಎಳೆದು ನಾವು ತಂದ ಮೀನಿನ ಮೊಟ್ಟೆ ಮತ್ತು ಮರಿಗಳ ಬಾಟಲಿಗಳನ್ನು ನಿಮ್ಮ ಕಚೇರಿ ತಗಡಿನ ಶೆಡ್ಡಿನಲ್ಲಿಟ್ಟು ಒಣಗಿಸಿ ಹಾಳು ಮಾಡಿತು. ‘ಹಾಳಾದವು’ ಎಂದು ಬರೆದಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ. ನೀವು ಬರೆದದ್ದು ‘ಮರಿಗಳು: ಸೊನ್ನೆ’ ಎಂದು. ಆ ಸೊನ್ನೆಯನ್ನು ಮುಂದಿಟ್ಟುಕೊಂಡು ಬರುವ ತಿಂಗಳು ಸಮಿತಿಯೊಂದು ಸಭೆ ಸೇರಲಿದೆ. ಮಳೆಗಾಲದಲ್ಲಿ ಇಲ್ಲಿ ಮೀನು ಮೊಟ್ಟೆಯನ್ನೇ ಇಡುವುದಿಲ್ಲವೆಂದಾದರೆ ಮೀನುಗಾರಿಕೆಗೆ ಅಷ್ಟು ದಿನ ನಿಷೇಧ ಏಕೆ ಬೇಕು, ಅರ್ಧಕ್ಕೆ ಇಳಿಸೋಣ ಎಂದು ಅದು ತೀರ್ಮಾನಿಸಲಿದೆ. ಆಮೇಲೆ ಹೊಟ್ಟೆ ತುಂಬ ಮೊಟ್ಟೆ ಹೊತ್ತ ಬಂಗಡೆಗಳ ಮೇಲೆ ಟ್ರಾಲರುಗಳು ಬೀಳುತ್ತವೆ. ಇನ್ನು ಕೆಲವು ವರ್ಷಕ್ಕೆ ಕಾರವಾರದ ಮೀನುಗಾರ್ತಿ ಖಾಲಿ ಬುಟ್ಟಿ ಹಿಡಿದು ಕೂರುತ್ತಾಳೆ, ಘಟ್ಟ ಹತ್ತಿ ದಾಂಡೇಲಿಯ ಸಂತೆಗೆ ಬರುವ ಮೀನೂ ನಿಲ್ಲುತ್ತದೆ. ಆಗ ನೀವು ಹವಾಮಾನ ಬದಲಾವಣೆಯ ಮೇಲೆ ಭಾಷಣ ಮಾಡುತ್ತೀರಿ. ನನಗೆ ಸಿಟ್ಟು ಬಂದಿಲ್ಲ ಎಂದಲ್ಲ, ಆದರೆ ಸಿಟ್ಟಿಗಿಂತ ಹೆಚ್ಚಾಗಿ ಹೇಸಿಗೆಯಾಗಿದೆ.

ಇದನ್ನೆಲ್ಲ ಕೇಳಲು ಇವಳು ಯಾರು ಎಂದು ಈ ಬಹಿರಂಗ ಪತ್ರದ ಓದುಗರಿಗೆ ಅನಿಸಬಹುದು. ನಾನು ಹಳಿಯಾಳದ ಹುಡುಗಿ. ನಮ್ಮದು ಹತ್ತಿ, ಗೋವಿನಜೋಳದ ವ್ಯಾಪಾರದ ಮನೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಊಟದ ಹೊತ್ತಿನಲ್ಲಿ ತತ್ತಿಯ ಹೆಸರನ್ನೂ ಎತ್ತುವಂತಿಲ್ಲ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ನಿಮ್ಮ ಸಮೀಕ್ಷೆಗೆ ಗುತ್ತಿಗೆಯ ಮೇಲೆ ಸೇರಿದಾಗ ನನ್ನ ಅವ್ವ ಕಾಶೆವ್ವ ಹಣೆ ಚಚ್ಚಿಕೊಂಡಳು.

“ಮೀನಿನ ತತ್ತಿ ಎಣಸಾಕ ಇಷ್ಟ ಓದಿದೇನವಾ ನೀನು?”

“ತಿನ್ನಾಕ ಅಲ್ಲ ಯವ್ವಾ, ಕಾಯಾಕ.”

“ಸಮುದ್ರದಾಗಿನ ತತ್ತಿ ಹಳಿಯಾಳದಾಕಿ ಹೆಂಗ ಕಾಯ್ತಿ?”

ಹೇಗೆಂದು ಅವಳಿಗೆ ವಿವರಿಸಿದಂತೆಯೇ ನಿಮಗೂ ವಿವರಿಸುತ್ತೇನೆ. ಆ ಕುರ್ಚಿಯಲ್ಲಿ ಕುಳಿತವರಿಗೆ ಇದು ಗೊತ್ತಿರಬೇಕಿತ್ತು ಎಂಬುದು ಬೇರೆ ಮಾತು. ಮೀನು ಸಮುದ್ರದಲ್ಲಿ ಮೊಟ್ಟೆಯನ್ನು ನೀರಿಗೇ ಬಿಡುತ್ತದೆ. ಅದು ಸಾಸಿವೆಗಿಂತ ಸಣ್ಣದು, ಗಾಜಿನಂತೆ ಪಾರದರ್ಶಕ. ಒಡೆದು ಬಂದ ಮರಿಗೆ ಈಜಲು ಬರುವುದಿಲ್ಲ, ನೀರು ಒಯ್ದಲ್ಲಿ ಹೋಗುತ್ತದೆ. ಬಟ್ಟೆಯಷ್ಟು ಒತ್ತಾದ ನೇಯ್ಗೆಯ ಬಲೆಯನ್ನು ದೋಣಿಯ ಹಿಂದೆ ಮೆಲ್ಲಗೆ ಎಳೆದರೆ ಇವು ಸಿಗುತ್ತವೆ. ಕೆಡದಂತೆ ಔಷಧದ ನೀರಿನಲ್ಲಿ ಹಾಕಿಟ್ಟು ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಜಾತಿ ಗುರುತಿಸಿ ಎಣಿಸಬೇಕು. ಒಂದೆರಡು ದಿನದ ಮರಿ ಸಿಕ್ಕಿತೆಂದರೆ ಅದರ ತಾಯಿ ಮೊನ್ನೆ ಅಲ್ಲೇ ಎಲ್ಲೋ ಮೊಟ್ಟೆಯಿಟ್ಟಿದ್ದಾಳೆ ಎಂದರ್ಥ. ಯಾವ ತಿಂಗಳು, ಯಾವ ಜಾಗ, ಯಾವ ಮೀನು ಎಂದು ಹೀಗೆ ತಿಳಿದರೆ ಬಲೆಗೆ ಯಾವಾಗ ರಜೆ ಕೊಡಬೇಕು ಎಂದು ಹೇಳಬಹುದು. ಬಂದರಿನಲ್ಲಿ ಸತ್ತ ಮೀನನ್ನು ತೂಗಿ ಇದನ್ನು ಹೇಳಲು ಬರುವುದಿಲ್ಲ.

ನಿಮಗಿಂತ ಮೊದಲಿದ್ದವರಿಗೆ ಇದು ಅರ್ಥವಾಗಿತ್ತು. ನಿಷೇಧದ ದಿನಗಳಲ್ಲೂ ಸಮೀಕ್ಷೆಯ ದೋಣಿಗೆ ಅನುಮತಿ ತಂದುಕೊಟ್ಟರು. ಎರಡು ಮಳೆಗಾಲ, ಸಮುದ್ರ ಸ್ವಲ್ಪ ಶಾಂತವಾದಾಗಲೆಲ್ಲ ಹೋದೆವು. ನಾನು ವಾಂತಿ ಮಾಡಿಕೊಳ್ಳುತ್ತಲೇ ಬಲೆ ತೊಳೆದಿದ್ದೇನೆ. ಆಮೇಲೆ ತಾವು ದಯಮಾಡಿಸಿದಿರಿ. ಬಂದ ಕೂಡಲೇ ಆದೇಶ ಹೊರಡಿಸಿದಿರಿ: ನಿಷೇಧದ ಅವಧಿಯಲ್ಲಿ ಯಾರೂ ಬಲೆ ಬಿಡುವಂತಿಲ್ಲವಾದ್ದರಿಂದ ಸಮೀಕ್ಷೆಯ ದೋಣಿಯೂ ಬಿಡುವಂತಿಲ್ಲ. ಮೀನು ಮೊಟ್ಟೆಯಿಡುತ್ತದೆ ಎಂದು ನಿಷೇಧ, ನಿಷೇಧವಿದೆ ಎಂದು ಮೊಟ್ಟೆ ನೋಡಲು ಹೋಗುವಂತಿಲ್ಲ, ನೋಡಿಲ್ಲವಾದ್ದರಿಂದ ಮೊಟ್ಟೆ ಇಲ್ಲ, ಮೊಟ್ಟೆ ಇಲ್ಲವಾದ್ದರಿಂದ ನಿಷೇಧವೂ ಬೇಡ! ಇಷ್ಟು ಚೆಂದದ ತರ್ಕವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಸೀಗಡಿಯೊಂದು ಕೂಡ ನೆಟ್ಟಗೆ ಸಿಕ್ಕಿಕೊಳ್ಳದ ನಮ್ಮ ಬಲೆಗೂ ಟ್ರಾಲರಿನ ಬಲೆಗೂ ವ್ಯತ್ಯಾಸವಿದೆ ಎಂದು ಹೇಳಲು ಬಂದಾಗ ನೀವು ಫೋನಿನಲ್ಲಿ ಮಾತಾಡುತ್ತಿದ್ದಿರಿ. ಹೀಗಾಗಿ ಆ ಎರಡು ಮಳೆಗಾಲದ, ಇನ್ನೂ ಎಣಿಸದೆ ಉಳಿದಿದ್ದ ಬಾಟಲಿಗಳ ಹೊರತು ನಮ್ಮ ಹತ್ತಿರ ಬೇರೆ ಸಾಕ್ಷಿಯೇ ಇಲ್ಲ.

ಎರಡನೆಯ ಆದೇಶ ಇನ್ನೂ ಸೊಗಸಾಗಿತ್ತು. ಕಾರವಾರದ ಉಪ್ಪುಗಾಳಿ ಉಪಕರಣಗಳಿಗೆ ಒಳ್ಳೆಯದಲ್ಲವೆಂದು ಪ್ರಯೋಗಾಲಯವನ್ನು ಘಟ್ಟದ ಮೇಲೆ, ಹಳಿಯಾಳಕ್ಕೆ ತಂದಿರಿ. ಸಮುದ್ರದ ಮೀನಿನ ಕಚೇರಿ ಹತ್ತಿ ಬೆಳೆಯುವ ಊರಿನಲ್ಲಿ! ಉಪ್ಪುಗಾಳಿ ಒಗ್ಗದೇ ಇದ್ದದ್ದು ಉಪಕರಣಗಳಿಗೋ ಇಲ್ಲೇ ಹತ್ತಿರದ ಧಾರವಾಡದಲ್ಲಿ ಮನೆ ಕಟ್ಟಿಸಿರುವ ತಮಗೋ ಎಂದು ಕೇಳುವ ಧೈರ್ಯ ಆಗ ಯಾರಿಗೂ ಇರಲಿಲ್ಲ. ಅಂದಿನಿಂದ ಆ ಬಾಟಲಿಗಳಲ್ಲಿದ್ದ ಮರಿಗಳು ಕಂತು ಕಂತಾಗಿ ಬಸ್ಸು ಹತ್ತಿದವು. ಬಾಟಲಿ ತುಂಬಿದ ಡಬ್ಬಿಗಳನ್ನು ಕಾಲ ಸಂದಿಯಲ್ಲಿ ಹಿಡಿದು ಅಣಶಿ ಘಟ್ಟದ ತಿರುವುಗಳಲ್ಲಿ ನಾನು ತೂಗಾಡುತ್ತಿದ್ದೆ. ಒಮ್ಮೆ ಕುಂಬಾರವಾಡದಲ್ಲಿ ಹತ್ತಿದ ಗೋದುಬಾಯಿ ಎಂಬ ಹೆಂಗಸು ಪಕ್ಕದಲ್ಲಿ ಕುಳಿತು ಡಬ್ಬಿಯನ್ನು ಮೂಸಿದಳು.

“ಬಾಯೀ, ಒಳಗ ಮೀನ ಐತೇನು? ಅರ್ಧಾ ಕಿಲೋ ಕೊಡ್ತಿ?”

“ಮೀನ ಅಲ್ರಿ, ಮರಿ. ಕಣ್ಣಿಗೆ ಕಾಣೂದಿಲ್ಲ.”

“ಕಾಣದ ಮೀನ ಹೊತಗೊಂಡು ಘಟ್ಟಾ ಯಾಕ ಹತ್ತಿಸ್ತಿ? ಕೆಳಗ ನೋಡಾಕ ಬರೂದಿಲ್ಲೇನು?”

ಇದೇ ಪ್ರಶ್ನೆಯನ್ನು ನಾನು ತಮಗೆ ರವಾನಿಸುತ್ತಿದ್ದೇನೆ.

ಇನ್ನು ಆ ಕಟ್ಟಡದ ಕಥೆ. ಬೀಜ, ಗೊಬ್ಬರದ ಅಂಗಡಿಯ ಮೇಲಿನ ಮಹಡಿ, ಮಾಲೀಕರು ಅಂದಾನೆಪ್ಪನವರು. ಬಾಡಿಗೆಗೆ ಕೊಡುವಾಗ ಅವರು ಒಂದೇ ಮಾತು ಕೇಳಿದ್ದರು. ಊರಿನವಳೆಂದು ನನ್ನನ್ನೂ ನೀವು ಕರೆದುಕೊಂಡು ಹೋಗಿದ್ದಿರಿ, ಹಾಗಾಗಿ ಕಿವಿಯಾರೆ ಕೇಳಿದ್ದೇನೆ.

“ಸಾಹೇಬ್ರ, ಉಳದದ್ದು ಹೆಂಗರ ಆಗಲಿ. ನಮ್ಮ ಮಹಡಿ ಮ್ಯಾಲ ಮೀನ, ತತ್ತಿ, ಮಾಂಸ ತರಂಗಿಲ್ಲ. ಕೆಳಗ ನಮ್ಮ ಪೂಜಿ ಕ್ವಾಣಿ ಐತಿ.”

“ಛೆ ಛೆ, ನಮ್ಮದು ಪೂರಾ ಪೇಪರ್ ಕೆಲಸ” ಎಂದಿರಿ ತಾವು. ಕರಾರಿನಲ್ಲಿ ಆ ಷರತ್ತನ್ನೂ ಬರೆಸಿ ಕೆಳಗೆ ಸಹಿ ಹಾಕಿದಿರಿ. ‘ಸಾರ್, ನಮ್ಮ ಕೆಲಸವೇ ಮೀನು’ ಎಂದು ನಾನು ಪಿಸುಗುಟ್ಟಿದ್ದಕ್ಕೆ ‘ಅದು ಸ್ಯಾಂಪಲ್’ ಎಂದಿರಿ. ಸ್ಯಾಂಪಲ್ ಎಂಬ ಹೆಸರಿಟ್ಟರೆ ಮೀನು ಸಸ್ಯಾಹಾರವಾಗುತ್ತದೆ ಎಂಬ ಸಂಗತಿ ನನಗೆ ಗೊತ್ತಿರಲಿಲ್ಲ.

ಮೊದಲ ಡಬ್ಬಿಗಳು ಬಂದ ದಿನವೇ ಅಂದಾನೆಪ್ಪನವರು ಮೂಗು ಮುಚ್ಚಿಕೊಂಡು ಮೇಲೆ ಬಂದರು.

“ಇದೇನ್ ತಂಗೀ?”

“ಮೀನಿನ ಮರಿ, ಕಾಕಾ.”

“ಸತ್ತಾವೋ, ಬದುಕ್ಯಾವೋ?”

“ಸತ್ತಾವ್ರಿ.”

“ಹಂಗಾರ ಸತ್ತ ಮೀನ ನನ್ನ ಮನಿ ಮ್ಯಾಲ ತಂದಿಟ್ಟೀರಿ ಅಂದಂಗಾತು. ನಿನಗರ ನಮ್ಮ ರೀತಿ ಗೊತ್ತಿಲ್ಲೇನವಾ?”

ಗೊತ್ತಿತ್ತು. ಅಂದಾನೆಪ್ಪನವರನ್ನು ನಾನು ದೂರುವುದಿಲ್ಲ. ಅವರು ಬಚ್ಚಿಟ್ಟು ಏನನ್ನೂ ಮಾಡಲಿಲ್ಲ, ಮೊದಲೇ ಹೇಳಿದ್ದರು. ತಮ್ಮ ಕಚೇರಿ ಏನು ಕೆಲಸ ಮಾಡುತ್ತದೆಂದು ತಿಳಿಯದೆ ಸಹಿ ಹಾಕಿದವರು ತಾವು. ಆಗಲೂ ದಾರಿಯಿತ್ತು. ಬೇರೆ ಕಟ್ಟಡ ನೋಡಬಹುದಿತ್ತು, ಬಾಟಲಿಗಳನ್ನು ಕಾರವಾರಕ್ಕೆ ತಿರುಗಿ ಕಳಿಸಬಹುದಿತ್ತು. ನೀವು ಸೂಕ್ಷ್ಮದರ್ಶಕವನ್ನು ಮಹಡಿಯಲ್ಲೇ ಬಿಟ್ಟು ಬಾಟಲಿಗಳನ್ನು ಮಾತ್ರ ಹಿತ್ತಲಿನ ತಗಡಿನ ಶೆಡ್ಡಿಗೆ ಸಾಗಿಸಲು ಹೇಳಿದಿರಿ. ಆಗ ನಡುಬೇಸಿಗೆ. ಬಿಸಿಲಿಗೆ ಔಷಧ ಆರಿಹೋಗುತ್ತದೆ, ಮರಿಗಳು ಉಳಿಯುವುದಿಲ್ಲ ಎಂದು ಕೈಮುಗಿದೆ. ‘ನೀವು ಕಾಂಟ್ರಾಕ್ಟಿನವರು, ಹೇಳಿದಷ್ಟು ಮಾಡಿ’ ಎಂದು ನನ್ನನ್ನು ಕಾರವಾರದ ಬಂದರಿಗೆ ಮೀನು ತೂಗಲು ಕಳಿಸಿದಿರಿ.

ಮಳೆಗೆ ಮುಂಚೆ ತಿರುಗಿ ಬಂದು ಶೆಡ್ಡಿನ ಬಾಗಿಲು ತೆಗೆಸಿದೆ. ಜವಾನ ಸೋಮಪ್ಪ ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ಹೇಳಿದ: “ಬುಡಕ್ಕ ಅಂಟಿ ಕುಂತಾವ್ರಿ ಮ್ಯಾಡಮ್ಮಾರ, ಅಲುಗಾಡಿಸಿದ್ರೂ ಏಳವಲ್ಲವು.” ಒಂದರ ಮೇಲೊಂದು ಕ್ರೇಟು, ಎಲ್ಲವೂ ಹಾಗೆಯೇ. ತಳದಲ್ಲಿ ಕಂದು ಬಣ್ಣದ ಕಿಟ್ಟ, ಅಷ್ಟೆ. ನಾನು ಅಲ್ಲೇ ಗೊಬ್ಬರದ ಚೀಲದ ಮೇಲೆ ಕುಳಿತು ಅತ್ತೆ. ಅಳುತ್ತಿದ್ದಾಗ ಸೋಮಪ್ಪ ಮೂಲೆಯಲ್ಲಿ ಚೀಲಗಳ ಅಡಿಗೆ ಬಿದ್ದಿದ್ದ ಒಂದು ಕ್ರೇಟನ್ನು ಎಳೆದು ತಂದ. ಅದರಲ್ಲಿ ಇನ್ನೂ ನೀರಿತ್ತು. ಅದರಲ್ಲಿನ ಒಂದು ಬಾಟಲಿಯನ್ನು ಮಹಡಿಗೆ ಒಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬಂಗಡೆ ಮರಿಗಳು, ರಾಶಿ ರಾಶಿ. ಕೆಲವಕ್ಕೆ ಹೊಟ್ಟೆಯಡಿಯ, ಮೊಟ್ಟೆಯಿಂದ ಬಂದ ಹಳದಿ ಭಂಡಾರದ ಚೀಲ ಇನ್ನೂ ಕರಗಿರಲಿಲ್ಲ, ಅಂದರೆ ಹಿಡಿದಾಗ ಆಗಷ್ಟೇ ಹುಟ್ಟಿದ್ದವು, ಅದೂ ಬಾಟಲಿಯ ಚೀಟಿಯ ಪ್ರಕಾರ ನಟ್ಟನಡು ಮಳೆಗಾಲದಲ್ಲಿ! ತಮಗೆ ಫೋನು ಮಾಡಿ ಹೇಳಿದೆ. ‘ಇರಲಿ, ರಿಪೋರ್ಟ್ ಹೋಗಿಯಾಗಿದೆ’ ಎಂದಿರಿ.

ಅವತ್ತೇ ಆ ಕ್ರೇಟನ್ನು ಆಟೋದಲ್ಲಿ ಮನೆಗೆ ತಂದೆ. ಹೌದು, ನಮ್ಮ ಮನೆಗೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು. ಎಲ್ಲವನ್ನೂ ಹೇಳಿದೆ, ಒಂದು ಬಾಟಲಿ ಎತ್ತಿ ತೋರಿಸಿದೆ. ಬಿಳಿ ದಾರದ ತುಣುಕುಗಳಂಥ ಮೈ, ತುದಿಗೆ ಎರಡು ಕಪ್ಪು ಚುಕ್ಕಿ. ಅವ್ವ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಹತ್ತಿರ ಬಂದು ನೋಡಿದಳು.

“ಇವು ಕಣ್ಣ ಏನವಾ?”

“ಹೌದ ಯವ್ವಾ.”

“ಅಡಗಿಮನಿ ಕಡೆ ತರಬ್ಯಾಡ. ಹಿತ್ತಲದಾಗ ಮೇವಿನ ಕ್ವಾಣಿ ಐತಿ, ತಂಪ ಇರತೈತಿ, ಅಲ್ಲೆ ಇಡು” ಎಂದಳು. ಕ್ರೇಟಿನ ಮೇಲೆ ತಾನೇ ಗೋಣಿಚೀಲ ಹೊದಿಸಿದಳು. ಈಗ ದಿನವೂ ಸ್ನಾನಕ್ಕೆ ಮೊದಲು ಆ ಕೋಣೆಗೆ ಹೋಗುತ್ತಾಳೆ, ಉಪ್ಪಿನಕಾಯಿ ಭರಣಿಯ ಎಣ್ಣೆ ನೋಡುವ ಹಾಗೆ ನೋಡಿ ಬಂದು, “ಒಂದರಾಗ ಔಷಧ ಇಳದಂಗ ಐತಿ, ನೋಡು” ಎನ್ನುತ್ತಾಳೆ. ಆಮೇಲೆ ಸ್ನಾನ ಮಾಡಿ ಪೂಜೆಗೆ ಕೂರುತ್ತಾಳೆ. ಜನ್ಮದಲ್ಲಿ ಮೀನು ಮುಟ್ಟದವಳು ಮಾಡುತ್ತಿರುವ ಇಷ್ಟು ಕೆಲಸವನ್ನು ಮೀನಿನ ಹೆಸರಿನಲ್ಲಿ ಸಂಬಳ ಎಣಿಸುವ ತಮ್ಮ ಕಚೇರಿಗೆ ಮಾಡಲಾಗಲಿಲ್ಲ.

ನನ್ನ ಗುತ್ತಿಗೆಯನ್ನು ನೀವು ಮುಂದುವರಿಸಲಿಲ್ಲ, ಅದನ್ನು ನಿರೀಕ್ಷಿಸಿದ್ದೆ. ನಿರೀಕ್ಷಿಸದೆ ಇದ್ದದ್ದು ಮೊನ್ನೆ ಬಂದ ನೋಟಿಸು. ‘ಮಳೆಗಾಲದ ಮೀನುಮರಿಗಳ ಅಮೂಲ್ಯ ವೈಜ್ಞಾನಿಕ ಮಾದರಿಗಳನ್ನು’ ನಾನು ಕಳವು ಮಾಡಿದ್ದೇನಂತೆ, ಒಪ್ಪಿಸದಿದ್ದರೆ ಪೊಲೀಸು ದೂರಂತೆ. ಓದಿ ಹೇಳಿದಾಗ ಅವ್ವ ನಕ್ಕೇಬಿಟ್ಟಳು: “ಇಲ್ಲ ಅಂತ ಬರದವರ ಕಳವಾತು ಅಂತಾರಲ್ಲ!”

ಮಾನ್ಯರೇ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಆ ಮಳೆಗಾಲಗಳಲ್ಲಿ ಮರಿಗಳು ಇರಲೇ ಇಲ್ಲವೆಂಬ ನಿಮ್ಮ ವರದಿ ನಿಜವಾದರೆ, ನಾನು ಕದ್ದದ್ದು ಏನನ್ನು? ನಾನು ಮರಿಗಳನ್ನು ಕದ್ದದ್ದು ನಿಜವಾದರೆ, ಆ ವರದಿ ಏನು? ಸಮಿತಿ ಸಭೆ ಸೇರುವ ಮೊದಲು ಆ ಸೊನ್ನೆಯನ್ನು ಹಿಂದಕ್ಕೆ ಪಡೆಯಿರಿ, ಒಣಗಿದ ಬಾಟಲಿಗಳ ಮುಂದೆ ‘ನಮ್ಮಿಂದ ಹಾಳಾದವು’ ಎಂದು ಬರೆಯಿರಿ, ಉಳಿದ ಈ ಕ್ರೇಟನ್ನು ಕಾರವಾರದ ಬಂದರಿನಲ್ಲಿ ಮೀನುಗಾರರ ಎದುರಿಗೇ ಎಣಿಸಲು ಏರ್ಪಾಡು ಮಾಡಿ. ಅಲ್ಲಿಯವರೆಗೆ ಬಾಟಲಿಗಳು ನಮ್ಮ ಮೇವಿನ ಕೋಣೆಯಲ್ಲೇ ಇರುತ್ತವೆ. ಪೊಲೀಸರನ್ನು ಕರೆತರುವುದಾದರೆ ತರಬಹುದು, ಚಪ್ಪಲಿ ಹೊರಗೆ ಬಿಟ್ಟು ಬರಬೇಕು ಎಂದು ಅವ್ವ ಹೇಳಿದ್ದಾಳೆ. ಬಂದಾಗ ತಾವೂ ಒಮ್ಮೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಅವಕ್ಕೆ ಕಣ್ಣುಗಳಿವೆ.

ಇಂತಿ,
ತಮ್ಮ ವರದಿಯ ಪ್ರಕಾರ ಏನನ್ನೂ ಹಿಡಿಯದ, ತಮ್ಮ ನೋಟಿಸಿನ ಪ್ರಕಾರ ಅದನ್ನೇ ಕದ್ದ,
ನಿರ್ಮಲಾ
ಹಳಿಯಾಳ