ಅಪ್ಪ ಬರೆಯದ ಮೆಚ್ಚುಗೆ

ಗುರುವಾರ, ಮಾರ್ಚ್ ೧೪

ಆ ಗಡಿಯಾರ ಮಾರುವವರ ಅಂಗಡಿಗೆ ಬೆಂಕಿ ಬೀಳಲಿ ಎಂದು ಶಪಿಸೋಣವೆಂದರೆ ಅವರಿಗೆ ಅಂಗಡಿಯೇ ಇಲ್ಲ, ಇರುವುದು ಬರೀ ವೆಬ್‌ಸೈಟ್. ಅಪ್ಪ ತೀರಿಕೊಂಡ ಮೇಲೆ ಅವರ ಫೋಟೊ ಕಳಿಸಿ, ಅದನ್ನು ಮುದ್ರಿಸಿದ ಗೋಡೆ ಗಡಿಯಾರವೊಂದನ್ನು ಅಲ್ಲಿಂದ ತರಿಸಿದ್ದೆ. ಗಡಿಯಾರವೇನೋ ಬಂತು. ಇವತ್ತು ಅಕ್ಕ ಫೋನ್ ಮಾಡಿ, "ಆ ಸೈಟ್ ತೆಗ್ದು ನೋಡೇ, ಅಪ್ಪ ಇದ್ದಾರೆ" ಎಂದಳು.

ಇದ್ದರು. ‘ನಮ್ಮ ಸಂತೃಪ್ತ ಗ್ರಾಹಕರು’ ಎಂಬಲ್ಲಿ, ಯಾರದೋ ಹೆಸರು ಹೊತ್ತು, ಐದು ಸ್ಟಾರ್ ಕೊಟ್ಟು ನಗುತ್ತಿದ್ದರು. ಕೆಳಗೆ, ‘ಗುಣಮಟ್ಟ ಅದ್ಭುತ! ಮತ್ತೆ ಮತ್ತೆ ತರಿಸುತ್ತೇನೆ.’

ಮೈಯೆಲ್ಲ ಉರಿದುಹೋಯಿತು. ಇಂಥ ಮುಖಗಳನ್ನು ನೋಡಿಯೇ ಅಲ್ಲವೇ ನಾನು ಅವರನ್ನು ನಂಬಿದ್ದು? ಅವೆಲ್ಲ ಯಾರ ಯಾರ ಮನೆಯ ಸತ್ತವರೋ! ಸೈಟಿನಲ್ಲಿ ವಿಳಾಸವಿಲ್ಲ, ಕೊಟ್ಟಿರುವ ನಂಬರ್ ಚಾಲ್ತಿಯಲ್ಲಿಲ್ಲ. ‘ಇವರು ನನ್ನಪ್ಪ, ಬದುಕಿಲ್ಲ, ಫೋಟೊ ತೆಗೆಯಿರಿ’ ಎಂದು ಅಲ್ಲೇ ಬರೆದೆ. ಊಟ ಮುಗಿಸಿ ಬರುವಷ್ಟರಲ್ಲಿ ನನ್ನ ಸಾಲು ಮಾಯವಾಗಿತ್ತು. ಅಪ್ಪ ಮಾತ್ರ ಅಲ್ಲೇ ಇದ್ದರು.

ಅಮ್ಮನಿಗೆ ಹೇಳಬಾರದೆಂದಿದ್ದೆ. ನನ್ನ ಕೂಗಾಟ ಕೇಳಿ ಬಂದವಳೇ ಮೊಬೈಲ್ ಕಸಿದುಕೊಂಡು ಓದಿದಳು.

"ನಲ್ವತ್ತು ವರ್ಷ ಬೇಯಿಸಿ ಹಾಕಿದೀನಿ. ಒಂದಿನ ಚೆನ್ನಾಗಿದೆ ಅನ್ಲಿಲ್ಲ ಆ ಮನುಷ್ಯ. ಈ ಕಳ್ಳರಿಗೆ ಅದ್ಭುತ ಅಂತೆ!"

ನನಗೆ ನಗು ಬಂತು. ಅವಳು ನಗಲಿಲ್ಲ. ಇನ್ನೊಮ್ಮೆ ಓದಿ, ಮೊಬೈಲನ್ನು ಮಂಚದ ಮೇಲೆ ಎಸೆದು ಹೋದಳು.

ನಾಳೆ ಪೊಲೀಸರಿಗೆ ದೂರು ಕೊಡುತ್ತೇನೆ. ಏನೆಂದು ಕೊಡಲಿ? ಅಪ್ಪನ ಫೋಟೊ ಕದ್ದರು ಎಂದೇ? ಅಮ್ಮನಿಗೆ ಸಿಗಬೇಕಿದ್ದ ಮಾತನ್ನು ಕದ್ದರು ಎಂದೇ?