ಬೂಟಿನ ಮನೆಯ ಮುಂದೆ ಹೆಣ್ಣು ತೋರಿಸಿದ್ದು

ಮಲಾಡ್, ಮುಂಬಯಿ
ತಾ. ೧೦-೧-೧೯೫೬, ಮಂಗಳವಾರ

ಪ್ರೀತಿಯ ಬಸಲಿಂಗಕ್ಕನಿಗೆ ನಿನ್ನ ತಂಗಿ ಚಂದ್ರವ್ವ ಮಾಡುವ ಶರಣು.

ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಲ್ಲವೇ? ಬರೆದೆ. ನನ್ನ ಸೊಂಟ, ಮೊಣಕಾಲು ಮತ್ತು ತಾಳ್ಮೆ ಇವಿಷ್ಟನ್ನು ಬಿಟ್ಟು ಉಳಿದದ್ದೆಲ್ಲ ಕ್ಷೇಮ. ಭಾನುವಾರ ನಿನ್ನ ಮಗಳು ಚಂಪಾಳನ್ನು ಹುಡುಗನಿಗೆ ತೋರಿಸಿದ್ದಾಯಿತು. ಏನಾಯಿತೆಂದು ತಿಳಿಯಲು ನೀನು ಧಾರವಾಡದಲ್ಲಿ ಅಂಚೆಯವನ ದಾರಿ ಕಾಯುತ್ತಿರುತ್ತೀ, ನನಗೆ ಗೊತ್ತು. ಆದರೆ ನನ್ನ ಸಂಕಟ ಹೇಳಿಕೊಳ್ಳದೆ ನಾನು ಆ ಮಾತಿಗೆ ಬರುವುದಿಲ್ಲ.

ಚಂಪಾ ನಮ್ಮಲ್ಲಿಗೆ ಬಂದ ದಿನವೇ ಹೇಳಿಬಿಟ್ಟಿದ್ದಳು: "ಚಿಗವ್ವಾ, ಇನ್ನ ನಾ ಚಾಪಿ ಮ್ಯಾಲೆ ತಲಿ ಬಗ್ಗಿಸಿ ಕೂಡಾಕಿ ಅಲ್ಲ. ಬಂದವರು ಶಿರಾ ತಿಂತಾರ, ಹಾಡು ಕೇಳ್ತಾರ, ನಡದು ತೋರಸು ಅಂತಾರ, ಊರಿಗೆ ಹೋಗಿ ಕಾಗದಾ ಬರೀತೀವಿ ಅಂತಾರ. ಸಾಕಾತು." ನಿಮ್ಮ ಮನೆಯ ಶಿರಾ ತಿಂದುಹೋದವರನ್ನೆಲ್ಲ ನೆನೆಸಿಕೊಂಡರೆ ಅವಳ ಮಾತಿನಲ್ಲಿ ಸುಳ್ಳಿಲ್ಲ. ಹಾಗೆಂದು ವಯಸ್ಸಿಗೆ ಬಂದ ಹುಡುಗಿಯನ್ನು ಸುಮ್ಮನೆ ಇಟ್ಟುಕೊಳ್ಳಲಾಗುತ್ತದೆಯೇ? ನಮ್ಮದು ಚಾಳಿನ ಒಂದು ಖೋಲಿ. ಹೆಣ್ಣು ನೋಡಲು ಬಂದರೆ ಗಂಡಿನವರು ಒಳಗೆ ಕೂರಬೇಕು, ಇಲ್ಲವೇ ನನ್ನ ಮಕ್ಕಳು ಕೂರಬೇಕು. ಅದಕ್ಕೇ ನಮ್ಮವರೂ ಅವರ ಆಫೀಸಿನ ಶೆಟ್ಟೆಪ್ಪನವರೂ ಸೇರಿ ಒಂದು ಉಪಾಯ ಹೂಡಿದರು.

ಮಲಬಾರ್ ಹಿಲ್ಲಿನ ಮೇಲೆ ಮಕ್ಕಳಿಗೆಂದು ಒಂದು ತೋಟವಿದೆ. ಅಲ್ಲಿ ಬೂಟಿನ ಆಕಾರದಲ್ಲಿ ಒಂದು ಮನೆ ಕಟ್ಟಿದ್ದಾರೆ. ಮಕ್ಕಳು ಒಳಗಿಂದ ಹತ್ತಿ ಮೇಲೆ ನಿಂತು ನೋಡಬಹುದು. ಮಕ್ಕಳನ್ನು ಆಡಿಸುವ ನೆವದಲ್ಲಿ ನಾವು ಅಲ್ಲಿಗೆ ಹೋಗುವುದು. ಶೆಟ್ಟೆಪ್ಪನವರು ತಮ್ಮ ಅಕ್ಕನ ಮಗ ಬಸವಂತಪ್ಪನನ್ನು ಕರೆದುಕೊಂಡು ಅಕಸ್ಮಾತ್ ಸಿಕ್ಕವರಂತೆ ಬರುವುದು. ಹುಡುಗ ಹುಡುಗಿ ಬೆಂಚಿನ ಮೇಲೆ ಕೂತು ನಾಲ್ಕು ಮಾತಾಡುವುದು. ಅಷ್ಟು ಹೊತ್ತು ಮಕ್ಕಳು ಅತ್ತ ಸುಳಿಯದಂತೆ ನೋಡಿಕೊಳ್ಳುವುದೊಂದೇ ನನ್ನ ಕೆಲಸವಂತೆ. ಒಂದೇ! ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗು ಎಂದಿದ್ದರೆ ಸುಲಭವಾಗುತ್ತಿತ್ತು. ಮದುವೆ ಮಾಡಿ ನೋಡು ಎಂದ ಹಿರಿಯರು ಮೂರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಮಾಡಿ ನೋಡು ಎನ್ನಲಿಲ್ಲ ನೋಡು.

ನಾನೂ ಸಿದ್ಧವಾಗಿಯೇ ಹೋಗಿದ್ದೆ. ಲಗೋರಿಯ ಬಿಲ್ಲೆ, ಚಿಂದಿಯ ಚೆಂಡು, ಗೋಲಿ, ಸಣ್ಣವಳು ಗಂಗುವಿನ ಬಟ್ಟೆಯ ಬೊಂಬೆ, ಹುರಿದ ಶೇಂಗಾ ಎಲ್ಲ ಚೀಲದಲ್ಲಿದ್ದವು. ಲೋಕಲ್ ಇಳಿದು ಬಸ್ಸು ಹತ್ತುವಷ್ಟರಲ್ಲೇ ಬೊಂಬೆ ಎಲ್ಲೋ ಬಿದ್ದುಹೋಗಿ ಗಂಗು ರಾಗ ತೆಗೆದಳು. ತೋಟ ಮುಟ್ಟಿದೊಡನೆ ದೊಡ್ಡವ ಕಾಶಪ್ಪ ಬೂಟಿನ ಮನೆ ಹತ್ತಿದವ ಇಳಿಯಲೊಲ್ಲ. ಕೆಳಗಿನಿಂದ ನಾನು ಕಣ್ಣು ಬಿಟ್ಟರೆ ಮೇಲಿನಿಂದ ಊರಿಗೆಲ್ಲ ಕೇಳುವಂತೆ ಕೂಗಿದ: "ಅವ್ವಾ, ಚಂಪಕ್ಕನ್ನ ನೋಡಾಕ ಬರೋವ್ರು ಬಂದ್ರೂ!" ಒಂದು ಖೋಲಿಯಲ್ಲಿ ಗುಟ್ಟು ಎಲ್ಲಿ ಉಳಿಯುತ್ತದೆ? ಸುತ್ತಲಿನ ಗುಜರಾತಿ ಮಂದಿಗೆ ಅರ್ಥವಾಗಲಿಲ್ಲ, ನಿಜ. ಆದರೆ ಆಗಷ್ಟೇ ಒಳಗೆ ಕಾಲಿಟ್ಟ ಶೆಟ್ಟೆಪ್ಪನವರಿಗೆ ಚೆನ್ನಾಗಿ ಅರ್ಥವಾಯಿತು. ಅಲ್ಲಿಗೆ ನಮ್ಮ ಅಕಸ್ಮಾತ್ ಮುಗಿಯಿತು.

ಹುಡುಗ ಹುಡುಗಿ ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ನಾನು ಲಗೋರಿ ಹೂಡಿದೆ. ಮೊದಲ ಚೆಂಡೇ ಹೋಗಿ ಒಬ್ಬ ಪಾರ್ಸಿ ಅಜ್ಜಿಯ ಮಡಿಲಲ್ಲಿ ಬಿತ್ತು. ಗೋಲಿ ಕೊಟ್ಟರೆ ನಡುವಿನವ ಸಂಗಪ್ಪ ಬಾಯಲ್ಲಿಟ್ಟುಕೊಂಡು ಕೆನ್ನೆ ಉಬ್ಬಿಸಿ ನಿಂತ. ಬೆನ್ನಿಗೆ ಗುದ್ದಿ ಉಗುಳಿಸಿದೆ. ಗಂಗು ಮೂರು ಸಲ ಬೆಂಚಿನ ಹತ್ತಿರ ಓಡಿ, ಹುಡುಗನ ಕೈಗಡಿಯಾರ ಹಿಡಿದು ಎಳೆದಳು. ನನ್ನ ಸೆರಗು ಒಂದು ಕಡೆ, ನಾನು ಒಂದು ಕಡೆ. ನಮ್ಮವರು ಮಾತ್ರ ಶೆಟ್ಟೆಪ್ಪನವರ ಪಕ್ಕ ಕೂತು ಆಫೀಸಿನ ಮಾತಾಡುತ್ತಿದ್ದರು. ಗಂಡಸರ ಜನ್ಮವೇ ಜನ್ಮ ಬಿಡು.

ಆಗ ಬಸವಂತಪ್ಪ ತಾನೇ ಎದ್ದು ಬಂದ. "ನೀವು ಕೂಡ್ರಿ ಅಕ್ಕಾರ. ಹುಡುಗರನ್ನ ಹ್ಯಾಂಗ ಹಿಡೀಬೇಕು ನನಗ ಗೊತ್ತೈತಿ" ಎಂದ. ಅವನಿಗೆ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಗಾರರ ಹಾಜರಿ ನೋಡುವ ಕೆಲಸ. ಜೇಬಿನಲ್ಲಿ ಸೀಟಿ ಇತ್ತು. ಅವನ ಆಟ ಇಷ್ಟೇ: ಒಂದು ಸೀಟಿಗೆ ಓಡಬೇಕು, ಇನ್ನೊಂದಕ್ಕೆ ಕಲ್ಲಿನಂತೆ ನಿಲ್ಲಬೇಕು. ಅಲುಗಾಡಿದವರು ಔಟ್. ಔಟಾದವರು ಕೈ ಕಟ್ಟಿಕೊಂಡು ಗಿಡದ ಬೇಲಿಗೆ ಮುಖ ಮಾಡಿ, ಅವನು ಸೀಟಿ ಊದಿ ಕರೆಯುವ ತನಕ ನಿಲ್ಲಬೇಕು. ಅಕ್ಕಾ, ನನ್ನ ಮಕ್ಕಳು ಮಾತು ಕೇಳಿದರು! ಯಾರ್ಯಾರದೋ ಮಕ್ಕಳೂ ಬಂದು ಸೇರಿಕೊಂಡರು. ಸದ್ದೇ ಇಲ್ಲ. ನಾನು ಕಾಲು ಚಾಚಿ ಕೂತು ಶೇಂಗಾ ತಿಂದೆ. ಮುಂಬಯಿಗೆ ಬಂದು ಇಷ್ಟು ವರ್ಷವಾದ ಮೇಲೆ ಮೊದಲ ಸಲ ಸಮುದ್ರವನ್ನು ನೆಮ್ಮದಿಯಿಂದ ನೋಡಿದೆ. ಚಿನ್ನದಂಥ ಹುಡುಗ ಎಂದು ಮನಸ್ಸಿನಲ್ಲೇ ನಿನಗೆ ಕಾಗದ ಬರೆದುಬಿಟ್ಟೆ.

ಮೊದಲು ಔಟಾದವಳು ಗಂಗು. ಮೂಗಿನ ಮೇಲೆ ನೊಣ ಕೂತರೆ ನಾಲ್ಕು ವರ್ಷದ ಕೂಸು ಒರೆಸಿಕೊಳ್ಳದೆ ಇರುತ್ತದೆಯೇ? ಬೇಲಿಗೆ ಹೋದವಳು ಒಮ್ಮೆ ತಿರುಗಿ ನೋಡಿದಳೆಂದು, ಹೊಸ ಆಟಕ್ಕೆ ಉಳಿದವರನ್ನು ಕರೆದಾಗಲೂ ಅವಳನ್ನು ಕರೆಯಲಿಲ್ಲ. ಸಣ್ಣಾಕಿನ್ನ ಬಿಡ್ರಿ ಎಂದು ಚಂಪಾ ಬೆಂಚಿನಿಂದ ಹೇಳಿದಳು. ಅವನು ನಗುತ್ತಲೇ, "ಆಟಂದ್ರ ಆಟರೀ. ಒಮ್ಮೆ ಸಡ್ಲ ಬಿಟ್ರ ಮಂದಿ ತಲಿ ಮ್ಯಾಲೆ ಕೂಡ್ತಾರ" ಎಂದ. ಅವಳು ಎದ್ದು ಬೇಲಿಯ ಹತ್ತಿರ ಹೋಗಿ ನೋಡಿದರೆ ಗಂಗುವಿನ ಲಂಗ ಒದ್ದೆಯಾಗಿತ್ತು. ಕಾಲ ಕೆಳಗಿನ ಮಣ್ಣೂ ಒದ್ದೆಯಾಗಿತ್ತು. ಕೇಳಲು ಹೆದರಿ ಹಾಗೇ ನಿಂತಿತ್ತು ಕೂಸು. ಚಂಪಾ ಎತ್ತಿಕೊಂಡಳು. ಇವನು ಸೀಟಿ ಊದಿ, "ನೀವೂ ಔಟ್!" ಎಂದು ಬೇಲಿಯ ಕಡೆ ಬೆರಳು ಚಾಚಿದ. ಶೆಟ್ಟೆಪ್ಪನವರು ನಕ್ಕರು, ನಮ್ಮವರು ನಕ್ಕರು, ನಾನೂ ನಕ್ಕೆ. ಚಂಪಾ ನಗಲಿಲ್ಲ. ಅವನು ಬೆರಳನ್ನು ಕೂಡಲೇ ಇಳಿಸಲಿಲ್ಲ.

ವಾಪಸು ಲೋಕಲಿನಲ್ಲಿ ನಿನ್ನ ಮಗಳು ಒಲ್ಲೆ ಎಂದಳು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡಿದಳು! ಮಲಾಡ್ ಬರುವ ತನಕ ನಾನು ಬೈದೆ. ಒಳ್ಳೆಯ ನೌಕರಿ, ಇರಲು ಕ್ವಾರ್ಟರ್ಸು, ಅತ್ತೆಯ ಕಾಟವಿಲ್ಲ, ಶಿರಾ ಕೇಳಲಿಲ್ಲ, ಹಾಡು ಕೇಳಲಿಲ್ಲ, ಇನ್ನೆಂಥವ ಬೇಕು ನಿನಗೆ ಎಂದೆ. ಅವಳು ಮಲಗಿದ ಗಂಗುವಿನ ತಲೆ ಸವರುತ್ತಾ, "ಕೆಟ್ಟವರಂತ ನಾ ಅನ್ನೂದಿಲ್ಲ ಚಿಗವ್ವಾ. ಆದ್ರ ಗಂಗು ಅಷ್ಟೊತ್ತು ಅಳಲಿಲ್ಲಲ್ಲಾ, ಅದಕ್ಕ ನನಗ ಅಂಜಿಕಿ ಬಂತು" ಎಂದಳು. ಇದೂ ಒಂದು ಕಾರಣವೇ? ಮಕ್ಕಳು ಅತ್ತರೂ ತಪ್ಪು, ಅಳದಿದ್ದರೂ ತಪ್ಪು!

ನಿನ್ನೆ ಶೆಟ್ಟೆಪ್ಪನವರು ಹೇಳಿಕಳಿಸಿದ್ದಾರೆ. ಹುಡುಗನಿಗೆ ಚಂಪಾ ಮನಸ್ಸಿಗೆ ಬಂದಿದ್ದಾಳೆ, ಸಂಕ್ರಾಂತಿ ಮುಗಿದೊಡನೆ ಬಂದು ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡುತ್ತಾರಂತೆ. ನನ್ನ ಮಾತು ಅವಳ ಕಿವಿಗೆ ಹೋಗುವುದಿಲ್ಲ. ಹೆತ್ತವಳು ನೀನು, ನಾಲ್ಕು ಕಠಿಣ ಮಾತು ಬರೆದು ಅವಳನ್ನು ದಾರಿಗೆ ತಾ. ಭಾವನವರಿಗೆ ನನ್ನ ಶರಣು ತಿಳಿಸು.

ಸೋತು ಸುಣ್ಣವಾದ ನಿನ್ನ ತಂಗಿ,
ಚಂದ್ರವ್ವ

ತಾ.ಕ.: ಬುಧವಾರ ಬೆಳಿಗ್ಗೆ. ನಿನ್ನೆ ಇಷ್ಟು ಬರೆದು ಮುಗಿಸುವಾಗ ಮೂವರೂ ಚಾಳು ಕಿತ್ತುಹೋಗುವಂತೆ ಗದ್ದಲ ಹಾಕುತ್ತಿದ್ದರು. ಸುಮ್ಮನಿರ್ತೀರೋ ಇಲ್ಲೋ ಎಂದು ಗದರಿದೆ. ಗಂಗು ತಟ್ಟನೆ ಹೋಗಿ ಕೈ ಕಟ್ಟಿಕೊಂಡು ಗೋಡೆಗೆ ಮುಖ ಮಾಡಿ ನಿಂತಳು. ಬಾ ಎಂದೆ, ಬರಲಿಲ್ಲ. ಸೀಟಿ ಊದಿಲ್ಲವಲ್ಲ ಎಂದಳು. ಸಕ್ಕರೆ ತರುವುದು ಬೇಡ ಎಂದು ಶೆಟ್ಟೆಪ್ಪನವರಿಗೆ ಹೇಳಲು ನಮ್ಮವರನ್ನು ಕಳಿಸಿದ್ದೇನೆ; ಮುಖ ಊದಿಸಿಕೊಂಡು ಹೋಗಿದ್ದಾರೆ. ಬೈಯುವುದಿದ್ದರೆ ನನ್ನನ್ನು ಬೈ, ಚಂಪಾಳನ್ನಲ್ಲ. ಮೇಲಿನದನ್ನು ಹರಿದು ಬೇರೆ ಬರೆಯೋಣವೆಂದರೆ ಈ ಮಕ್ಕಳು ಬಿಡಬೇಕಲ್ಲ. ಗಂಗು ಈಗ ಪಾತ್ರೆ ಬಡಿಯುತ್ತಾ ಕಿರುಚುತ್ತಿದ್ದಾಳೆ. ಕಿರುಚಲಿ.